ವೈನಿಯ ಮಿಶ್ರಿ ಡಬ್ಬಿ

ಮೊನ್ನೆ ಹಳಿಯಾಳದ ಬಸ್‌ ನಿಲ್ದಾಣದಲ್ಲಿ ಪಕ್ಕ ಕೂತಿದ್ದ ಹೆಂಗಸು ಸೆರಗಿನ ಮರೆಯಲ್ಲಿ ಸಣ್ಣದೊಂದು ಡಬ್ಬಿ ತೆರೆದಳು. ಹುರಿದ ತಂಬಾಕಿನ ವಾಸನೆ. ನಾನು ಮುಖ ತಿರುಗಿಸಿದೆ. ಹಳೆಯ ಅಭ್ಯಾಸ ನೋಡಿ: ಮುಖ ಮೊದಲು ತಿರುಗುತ್ತದೆ, ನಾಚಿಕೆ ಆಮೇಲೆ ಬರುತ್ತದೆ. ನಾನು ಹೊರಟಿದ್ದದ್ದೂ ಮುಂಡಗೋಡದ ಆಚೆ ಪಾಳಾಕ್ಕೆ, ವೈನಿಯನ್ನು ನೋಡಲು.

ವೈನಿ ಅಂದರೆ ನಮ್ಮಣ್ಣನ ಹೆಂಡತಿ, ಗಂಗಮ್ಮ. ಮಿಶ್ರಿ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ ಹಲ್ಲಿಗೆ ತಿಕ್ಕುವುದು. ನಮ್ಮ ಕಡೆಯ ಹೆಂಗಸರು ಅದನ್ನು ಚಟ ಎನ್ನುವುದಿಲ್ಲ, 'ಹಲ್ಲು ತಿಕ್ಕೂದು' ಎನ್ನುತ್ತಾರೆ. ವೈನಿ ದಿನಕ್ಕೆ ಆರು ಸಲ ಹಲ್ಲು ತಿಕ್ಕುತ್ತಿದ್ದರು.

"ಇರೂದು ಮೂವತ್ತೆರಡ ಹಲ್ಲು ವೈನಿ, ಹಿಂಗ ತಿಕ್ಕಿದ್ರ ಸವದ ಹೋಗ್ತಾವ ನೋಡ್ರಿ" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಆಗ ನಾನು ಧಾರವಾಡದಲ್ಲಿ ಸಮಾಜಕಾರ್ಯ ಓದುತ್ತಿದ್ದೆ. ಅವ್ವನಿಗೆ ಲಕ್ವಾ ಹೊಡೆದಿತ್ತು. ಕೈಕಾಲು ಬಿದ್ದಿದ್ದವು, ದನಿ ಬಿದ್ದಿರಲಿಲ್ಲ. "ಗಂಗಾ! ಏ ಗಂಗಾ! ಸತ್ತೀ ಏನ?" ಬಟ್ಟೆ ಬದಲಿಸುವುದು, ಮಗ್ಗುಲು ಹೊರಳಿಸುವುದು, ಬೈಸಿಕೊಳ್ಳುವುದು, ಎಲ್ಲ ವೈನಿಯ ಪಾಲು. ಹೆತ್ತ ಮಗಳು, ಅಂದರೆ ನಾನು, ಕಾಲೇಜಿನ ಸೂಟಿಗೆ ಬಂದು, ಅವ್ವನ ಹಣೆ ಸವರಿ, ಹಿತ್ತಲಲ್ಲಿ ನಿಂತು ವೈನಿಯ ಹಲ್ಲು ಎಣಿಸುತ್ತಿದ್ದಳು.

ಒಂದು ಸೂಟಿಯಲ್ಲಿ ವೈನಿಯ ಮಿಶ್ರಿ ಡಬ್ಬಿ ಕಸಿದು ಬಚ್ಚಲ ಒಲೆಗೆ ಎಸೆದೆ. 'ವೈನಿ ನಕ್ಕರು' ಎಂದು ಅಂದಿನ ದಿನಚರಿಯಲ್ಲಿದೆ. ನಕ್ಕಿರಲಿಕ್ಕಿಲ್ಲ. ಹಾಗೆಂದು ಬರೆಯುವುದು ನನಗೆ ಬೇಕಾಗಿತ್ತೇನೋ. ದಿನಚರಿಯಲ್ಲಿ ಇಲ್ಲದ ಮಾತೊಂದು ಮಾತ್ರ ಕಿವಿಯಲ್ಲಿ ಉಳಿದಿದೆ:

"ಬಾಯಾಗ ಮಿಶ್ರಿ ಇದ್ದಾಗ 'ಓ' ಅನ್ನಾಕ ಬರೂದಿಲ್ಲ ತಂಗಿ. ಅಷ್ಟೊತ್ತು ಯಾರೂ ನನ್ನ ಕರಿಯೂದಿಲ್ಲ."

ಮುಂದಿನ ಮೂರು ದಿನ ವೈನಿಗೆ ಮಿಶ್ರಿ ಇರಲಿಲ್ಲ. ಕೈಯಿಂದ ಅನ್ನದ ಪಾತ್ರೆ ಜಾರಿ ಬಿತ್ತು. ಅವ್ವನ ಮೇಲೆ ಒಮ್ಮೆ ಕಿರುಚಿ, ಆಮೇಲೆ ಗೋಡೆಗೆ ಹಣೆ ಚಚ್ಚಿಕೊಂಡರು. ನಾನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಕಾಲೇಜಿನ ಪ್ರಾಜೆಕ್ಟಿಗೆ. 'ಗ್ರಾಮೀಣ ಗೃಹಿಣಿ, ತಂಬಾಕು ವ್ಯಸನ.' ಒತ್ತಡಕ್ಕೆ ಕಾರಣ ಎಂಬಲ್ಲಿ 'ಅತ್ತೆ' ಎಂದು ತುಂಬಿದೆ. ಆ ಅತ್ತೆಗೆ ಒಬ್ಬ ಮಗಳೂ ಇದ್ದಳೆಂದು ಬರೆಯಲಿಲ್ಲ. ಚಲೋ ಆಗಿದೆ ಎಂದು ಮೇಡಂ ಅದನ್ನು ತರಗತಿಯಲ್ಲಿ ಓದಿಸಿದರು. ಅಷ್ಟರಲ್ಲಿ ಊರಿನಲ್ಲಿ ವೈನಿಯ ಸೊಂಟಕ್ಕೆ ಹೊಸ ಡಬ್ಬಿ ಬಂದಿತ್ತು.

ಅವ್ವ ಹೋಗಿ ಬಹಳ ವರ್ಷವಾಯಿತು. ಮೊನ್ನೆ ಪಾಳಾ ಮುಟ್ಟಿ, ಅಡುಗೆಮನೆಯಲ್ಲಿ ಕೂತಿದ್ದೆ. ಬ್ಯಾಗಿನಿಂದ ನನ್ನ ಚಷ್ಮಾ ತೆಗೆದುಕೊಡಲು ಹೋದ ವೈನಿಯ ಕೈಗೆ ಗುಳಿಗೆಯ ಪಟ್ಟಿ ಬಂತು. ನಿದ್ದೆಗೆಂದು ಡಾಕ್ಟರು ಒಂದು ತಿಂಗಳಿಗೆ ಕೊಟ್ಟಿದ್ದು. ಎರಡು ವರ್ಷವಾಗಿದೆ. ಒಂದೇ ಅಂಗಡಿಯಲ್ಲಿ ಕೇಳಲು ನಾಚಿಕೆಯಾಗಿ ಒಮ್ಮೆ ಹಳಿಯಾಳ, ಒಮ್ಮೆ ದಾಂಡೇಲಿ ಎಂದು ಅಲೆಯುತ್ತೇನೆ. ಇದನ್ನು ನಾನೂ ಚಟ ಎನ್ನುವುದಿಲ್ಲ, 'ಡಾಕ್ಟರ್ ಕೊಟ್ಟಿದ್ದು' ಎನ್ನುತ್ತೇನೆ.

"ದಿನಕ್ಕ ಎಷ್ಟ ತಗೋತಿ?"

"ಎರಡು."

ಒಲೆ ಮಾರುದೂರದಲ್ಲಿ ಉರಿಯುತ್ತಿತ್ತು. ಎಸೆಯುತ್ತಾರೆಂದು ಕಾದೆ, ಎಸೆಯಲಿ ಎಂದೂ ಅನ್ನಿಸಿತು. ವೈನಿ ಪಟ್ಟಿಯನ್ನು ಬ್ಯಾಗಿನಲ್ಲೇ ಇಟ್ಟು, ಜಿಪ್ ಎಳೆದು, ನನ್ನ ಪಕ್ಕ ಕೂತರು.

"ಏನಾಗೇತಿ ತಂಗಿ ನಿನಗ?"

ನೋಟ್‌ಬುಕ್ಕಿನ ಅಷ್ಟು ಹಾಳೆಗಳಲ್ಲಿ ನಾನು ಅವರನ್ನು ಕೇಳದೆ ಬಿಟ್ಟಿದ್ದ ಪ್ರಶ್ನೆ ಇದೊಂದೇ.

ಅಷ್ಟರಲ್ಲಿ ಹೊರಗಿನಿಂದ ಯಾರೋ ಕೂಗಿದರು: "ಗಂಗಕ್ಕಾ! ಏ ಗಂಗಕ್ಕಾ! ಅದೀ ಏನ?"

ವೈನಿಯ ಬಾಯಲ್ಲಿ ಮಿಶ್ರಿ ಇರಲಿಲ್ಲ. ಆದರೂ ಅವರು 'ಓ' ಅನ್ನಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಕೂತರು.

"ಎರಡಲ್ಲ ವೈನಿ," ಎಂದೆ, "ನಾಕು."