ಸ್ಕ್ಯಾನಿಂಗ್ ಯಂತ್ರದೊಳಗೆ ಕುಣಿದ ಕಾಲು

“ಮೆನೇರ್, ಕಾಲು ಕುಣಿಸಬೇಡಿ!”

ಹೆಡ್‌ಫೋನಿನಲ್ಲಿ ಹಾಡು ನಿಂತು ಹೆಣ್ಣು ದನಿ ಕೇಳಿಸಿತು. ಮೆನೇರ್ ಎಂದರೆ ಡಚ್ ಭಾಷೆಯಲ್ಲಿ ‘ಸ್ವಾಮಿ’. ನೆದರ್ಲೆಂಡ್ಸಿನ ಐಂಡ್‌ಹೋವನ್ ಊರಿನ ಆಸ್ಪತ್ರೆಯೊಂದರ ಎಂಆರ್‌ಐ ಯಂತ್ರದೊಳಗೆ ನಾನು ಅಂಗಾತ ಮಲಗಿದ್ದೆ. ಬಿಡದೆ ಕಾಡುತ್ತಿದ್ದ ತಲೆನೋವಿಗೆ ಮೆದುಳಿನ ಗೆಡ್ಡೆಯೇ ಕಾರಣವೆಂದು ಇಂಟರ್ನೆಟ್ ನೋಡಿ ನಾನೇ ತೀರ್ಮಾನಿಸಿ, ಹೆಂಡತಿಗೆ ಎಲ್ಲ ಪಾಸ್‌ವರ್ಡುಗಳನ್ನೂ ಹೇಳಿಕೊಟ್ಟು ಬಂದಿದ್ದೆ.

ಒಳಗೆ ಕಳಿಸುವ ಮೊದಲು ಆ ಡಚ್ ತಂತ್ರಜ್ಞೆ, ಹೆಚ್ಚುಕಡಿಮೆ ನನ್ನದೇ ವಯಸ್ಸಿನವರು, ಯಾವ ಹಾಡು ಹಾಕಲಿ ಎಂದು ಕೇಳಿದ್ದರು. ವಿಷ್ಣು ಸಹಸ್ರನಾಮ ಎನ್ನಲು ಹೊರಟವನ ಬಾಯಿಗೆ ಬಂದದ್ದು ಎಂಬತ್ತರ ದಶಕದ ಒಂದು ಪಾಪ್ ಹಾಡು. ಅಮೆರಿಕದ ಕಪ್ಪು ಗಾಯಕರ ‘ಸೋಲ್’ ಸಂಗೀತದ ಧಾಟಿಯಲ್ಲಿ ಬಿಳಿ ಹುಡುಗರು ಹಾಡಿದ್ದು. ತುಂಬ ಚಪ್ಪಾಳೆ, ನಡುವೆ ಸ್ಯಾಕ್ಸೋಫೋನು, ಹುಡುಗಿ ತಿರುಗಿ ನೋಡಲಿಲ್ಲ ಎಂಬಷ್ಟೇ ದುಃಖ. ಮೈಸೂರಿನಲ್ಲಿ ಅಣ್ಣನ ಕ್ಯಾಸೆಟ್ ಸವೆಯುವವರೆಗೂ ಕೇಳಿದ್ದೆ. ಹೆಸರು ಹೇಳುವುದಿಲ್ಲ, ಹೇಳಿದರೆ ನಿಮ್ಮ ತಲೆಗೂ ಹತ್ತೀತು.

“ಕಾಲು ಕುಣಿದ್ರೆ ತಲೆನೂ ಅಲ್ಲಾಡತ್ತೆ. ಚಿತ್ರ ಮಸುಕಾಗಿದೆ, ಮತ್ತೆ ತೆಗೀಬೇಕು. ಈ ಸಲ ಹಾಡಿಲ್ಲ,” ಎಂದರು ಆಕೆ. ಆಮೇಲೆ ದನಿ ತಗ್ಗಿಸಿ, “ನಾನೂ ಇಲ್ಲಿ ಕೂತು ಕುಣೀತಿದ್ದೆ,” ಎಂದರು.

ಹೊರಬಂದಾಗ, ಕಾಯುತ್ತ ಕೂತಿದ್ದ ಹೆಂಡತಿಯ ಮುಖ ಬಿಳಿಚಿಕೊಂಡಿತ್ತು.

“ಯಾಕ್ರೀ ಇಷ್ಟು ಹೊತ್ತು? ಏನಂದ್ರು?”

“ಡ್ಯಾನ್ಸ್ ಮಾಡ್ಬೇಡಿ ಅಂದ್ರು.”

“ನಿಮ್ ತಲೆ!” ಎಂದವಳು ನನ್ನ ತೋಳು ಮಾತ್ರ ಬಿಡಲಿಲ್ಲ.

ವಾರದ ನಂತರ ವರದಿ ಬಂತು. ಬರೀ ಮೈಗ್ರೇನ್, ತಲೆಯೊಳಗೆ ಬೇರೇನೂ ಇಲ್ಲವಂತೆ. ಆ ಹಾಡು ಈಗಲೂ ಅಲ್ಲೇ ಸುತ್ತುತ್ತಿದೆ. ಅಷ್ಟು ದೊಡ್ಡ ಯಂತ್ರಕ್ಕೆ ಅದೊಂದು ಕಾಣಲೇ ಇಲ್ಲ.