ಸುಂದ್ರಿ ತಿಂದ ಮಾರ್ಕ್ಸ್ ಕಾರ್ಡು

ಅವರು ನಕ್ಕರೆ ಮೊದಲು ಹೊಟ್ಟೆ ಕುಲುಕುತ್ತಿತ್ತು, ಆಮೇಲೆ ಕಿವಿಯ ಕೆಂಪು ಕಲ್ಲಿನ ಓಲೆ ಅಲ್ಲಾಡುತ್ತಿತ್ತು, ಸದ್ದು ಬರುತ್ತಿದ್ದದ್ದು ಎಲ್ಲಕ್ಕಿಂತ ಕೊನೆಗೆ. ಹೊಸಬರು ಎದುರಿಗಿದ್ದರೆ ಈಯಮ್ಮನಿಗೆ ಏನೋ ಆಗಿಹೋಯಿತೆಂದು ಗಾಬರಿಬಿದ್ದು ನೀರು ತರಲು ಓಡುತ್ತಿದ್ದರು. ನಾನೂ ಮೊದಲ ದಿನ ಓಡಿದವಳೇ. ಚೊಂಬು ಹಿಡಿದುಕೊಂಡು ಬರುವಷ್ಟರಲ್ಲಿ ಆ ನಗು ಬಾಯಿಗೆ ತಲುಪಿ, ಚಿಕ್ಕಬಾಣಾವರದ ರೈಲ್ವೆ ಸ್ಟೇಷನ್ನಿನವರೆಗೂ ಕೇಳಿಸಿತು.

ನಮ್ಮಣ್ಣ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಅವನೂ ಅತ್ತಿಗೆಯೂ ಬಾಡಿಗೆಗಿದ್ದ ಮನೆಗೆ ನಾನು ಬಂದು ಸೇರಿಕೊಂಡಿದ್ದೆ. ಮನೆ ಎಂದರೆ ದೊಡ್ಡದೇನಲ್ಲ. ಒಂದು ರೈತರ ಮನೆಯ ಪಕ್ಕಕ್ಕೆ ಸಾಲಾಗಿ ಎಬ್ಬಿಸಿದ್ದ ಶೀಟಿನ ರೂಮುಗಳಲ್ಲಿ ನಡುವಿನದು. ಆ ರೈತರ ಮನೆಯ ಯಜಮಾನಿಯೇ ಈಕೆ. ಗಂಡ ತೀರಿಕೊಂಡಿದ್ದರು. ಹೊಲ, ಹಸು, ಬಾಡಿಗೆದಾರರು, ಮಗ, ಎಲ್ಲರನ್ನೂ ಒಂದೇ ಗಂಟಲಿನಲ್ಲಿ ಗದರಿಸಿಕೊಂಡು ಸಾಕುತ್ತಿದ್ದರು. ನಾವೆಲ್ಲ ಅವರನ್ನು ಓನರಮ್ಮ ಎನ್ನುತ್ತಿದ್ದೆವು. ಹಾಗೆ ಕರೆದರೆ ಅವರಿಗೂ ಖುಷಿಯೇ. ‘ಬಾಣಾವರದಾಗೆ ಗೌಡಮ್ಮಂದ್ರು ಬೇಕಾದಷ್ಟು ಜನ ಅವ್ರೆ. ಓನರಮ್ಮ ಅಂದ್ರೆ ನಾನೊಬ್ಳೇ’ ಎನ್ನುತ್ತಿದ್ದರು.

ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದ ನನಗೆ ಅಪ್ಪ ಒಂದು ವರ್ಷದ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಬೆಂಗಳೂರಲ್ಲಿ ಕೆಲಸ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಊರಿಗೆ ವಾಪಸು ಬಂದು ಅವರು ನೋಡಿಟ್ಟಿದ್ದ ಗಂಡಿಗೆ ಕೊರಳೊಡ್ಡಬೇಕು. ಆ ಗಂಡನ್ನು ನಾನೂ ನೋಡಿದ್ದೆ. ಕೆಲಸ ಹೇಗಾದರೂ ಸಿಗಲೇಬೇಕು ಎಂದು ನಾನು ಪಟ್ಟುಹಿಡಿದದ್ದು ಅದಕ್ಕೇ. ಗಡುವು ಮುಗಿಯಲು ಇನ್ನೇನು ಸ್ವಲ್ಪ ದಿನ ಇದೆ ಎನ್ನುವಾಗ ಒಂದು ಸರ್ಕಾರಿ ಕಾರ್ಖಾನೆಯಿಂದ ಪತ್ರ ಬಂತು. ಸಣ್ಣ ಸಣ್ಣ ಬಿಡಿಭಾಗ ಜೋಡಿಸುವ ಕೆಲಸ. ಮುಂದಿನ ತಿಂಗಳು ಅಸಲು ಅಂಕಪಟ್ಟಿಯೊಂದಿಗೆ ಹಾಜರಾಗತಕ್ಕದ್ದು ಎಂದಿತ್ತು. ಓನರಮ್ಮ ಆ ಪತ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಆ ವಾರವೇ ಆಲಿಕಲ್ಲು ಮಳೆ ಬಿತ್ತು. ಸಂಜೆ ಎದ್ದ ಗಾಳಿ ನಮ್ಮ ತಲೆಯ ಮೇಲಿನ ಶೀಟನ್ನು ಎತ್ತಿಕೊಂಡು ಹೋಗಿ ಹುಲ್ಲಿನ ಬಣವೆಯ ಮೇಲೆ ಕೂರಿಸಿತು. ಮಳೆ ನಿಂತ ಮೇಲೆ ನೋಡಿದರೆ ಕಾಗದಪತ್ರ ಇಟ್ಟಿದ್ದ ಟ್ರಂಕಿನೊಳಗೆ ನೀರು. ಅಣ್ಣನ ನೇಮಕಾತಿ ಪತ್ರ, ರೇಷನ್ ಕಾರ್ಡು, ನನ್ನ ಮಾರ್ಕ್ಸ್ ಕಾರ್ಡು, ಎಲ್ಲವೂ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಅತ್ತಿಗೆ ಅಳತೊಡಗಿದರು. ನಾನಂತೂ ಬಾಯಿ ಬಡಿದುಕೊಂಡೆ.

ಓನರಮ್ಮ ಅಳಲಿಲ್ಲ. ‘ನೆನ್ದಿದ್ದು ಒಣಗ್ತದೆ, ಸುಟ್ಟಿದ್ರೆ ಅಳ್ಬೋದಾಗಿತ್ತು’ ಎಂದು ಟ್ರಂಕನ್ನು ತಮ್ಮ ಮನೆಗೆ ಹೊತ್ತುಕೊಂಡು ಹೋದರು. ಬೆಳಗ್ಗೆ ಅಂಗಳದಲ್ಲಿ ಹಳೇ ಸೀರೆ ಹಾಸಿ, ಒಂದೊಂದೇ ಕಾಗದವನ್ನು ಬಾಳೆಲೆ ಬಿಡಿಸುವಷ್ಟು ನಯವಾಗಿ ಬಿಡಿಸಿ ಹರಡಿದರು. ಹಪ್ಪಳ, ಸಂಡಿಗೆ ಒಣಗಿಸುವುದರಲ್ಲಿ ಅವರದು ಊರಿಗೇ ಹೆಸರಾದ ಕೈ. ಹಪ್ಪಳ ಒಂದಕ್ಕೊಂದು ಅಂಟದಿರಲಿ ಎಂದು ಹಿಟ್ಟು ಉದುರಿಸುತ್ತಾರಲ್ಲ, ಅದೇ ಪ್ರಕಾರ ನಮ್ಮ ಕಾಗದಗಳ ಮೇಲೂ ರಾಗಿಹಿಟ್ಟು ಉದುರಿಸಿದರು. ಗಾಳಿಗೆ ಹಾರದಂತೆ ಮೂಲೆಗೊಂದು ಕಲ್ಲು ಇಟ್ಟರು. ನಾವೆಲ್ಲ ಭಲೇ ಎಂದೆವು.

ಆದರೆ ರಾಗಿಹಿಟ್ಟಿನ ವಾಸನೆ ಸುಂದ್ರಿಗೂ ಗೊತ್ತು. ಸುಂದ್ರಿ ಅವರ ಹಸು, ತುಂಬಿದ ಗಬ್ಬ. ನಾವು ಒಳಗೆ ಕೂತು ಕಾಫಿ ಕುಡಿಯುತ್ತಿದ್ದಾಗ ಹಗ್ಗ ಬಿಚ್ಚಿಕೊಂಡು ಬಂದಿದ್ದಾಳೆ. ರೇಷನ್ ಕಾರ್ಡನ್ನು ಬರೀ ನೆಕ್ಕಿ ಬಿಟ್ಟಿದ್ದಳು. ರುಚಿ ಹತ್ತಿದ್ದು ನನ್ನ ಮಾರ್ಕ್ಸ್ ಕಾರ್ಡಿಗೆ. ಅಣ್ಣ ಓಡಿಹೋಗಿ ಬಾಯಿಗೆ ಕೈ ಹಾಕಿ ಎಳೆದಾಗ ಸಿಕ್ಕಿದ್ದು ಒಂದು ಮೂಲೆ ಮಾತ್ರ. ಅದರಲ್ಲಿ ನೇರಳೆ ಮೊಹರಿನ ಅರ್ಧ, ಕಲಸಿಹೋದ ನಂಬರು. ಓನರಮ್ಮ ಆ ಚೂರನ್ನು ತೆಗೆದುಕೊಂಡು, ಒರೆಸಿ, ಸೆರಗಿಗೆ ಗಂಟು ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ‘ಏಳವ್ವಾ, ಸೀರೆ ಉಟ್ಕೊ. ಎಲ್ಲಿ ಕೊಡ್ತಾರೋ ಅಲ್ಲಿಗೋಗಿ ಇನ್ನೊಂದು ಈಸ್ಕೊಂಡ್ ಬರಾಣ’ ಎಂದರು.

ಪೊಲೀಸ್ ಸ್ಟೇಷನ್ನಿಗೆ ಮೊದಲು ಹೋಗಬೇಕೆಂದು ಅಣ್ಣನ ಕಾರ್ಖಾನೆಯಲ್ಲಿ ಯಾರೋ ಹೇಳಿದ್ದರು. ಹೋದೆವು. ಮೇಜಿನ ಹಿಂದೆ ಕೂತಿದ್ದ ಬರವಣಿಗೆಯ ಪೊಲೀಸಪ್ಪ ತಲೆ ಎತ್ತದೆಯೇ ಕೇಳಿದ.

‘ಏನ್ ಕಳೆದುಹೋಗಿದೆ?’

‘ಏನೂ ಕಳ್ದೋಗಿಲ್ಲ ಕಣಪ್ಪ. ಸುಂದ್ರಿ ತಿಂದ್ಬುಟ್ಳು’ ಎಂದರು ಓನರಮ್ಮ.

‘ಯಾರ್ರೀ ಸುಂದ್ರಿ? ಗಂಡನ ಹೆಸರು ಹೇಳಿ.’

ಓನರಮ್ಮ ನಿಜವಾಗಿಯೂ ಯೋಚಿಸಿದರು. ‘ಗಂಡ ಅಂತ ಇಂಥೋನೇ ಇಲ್ಲ ಕಣಪ್ಪ. ಕೆರೆ ತಾವ ಒಂದು ಓರಿ ಐತೆ.’

ಪೊಲೀಸಪ್ಪ ಪೆನ್ನು ಕೆಳಗಿಟ್ಟ. ವಿಷಯ ತಿಳಿದ ಮೇಲೆ ನಕ್ಕು ನಕ್ಕು ಟೋಪಿ ತೆಗೆದಿಟ್ಟ. ಆಮೇಲೆ, ಕಳೆದುಹೋಯಿತು ಎಂದು ಬರೆಸಿಬಿಡಿ, ಸುಲಭ, ಹಸು ತಿಂದದ್ದಕ್ಕೆಲ್ಲ ಇಲ್ಲಿ ದೂರು ತಗೊಳ್ಳೋಕಾಗಲ್ಲ ಎಂದ. ಓನರಮ್ಮ ಸುತರಾಂ ಒಪ್ಪಲಿಲ್ಲ. ‘ತಗೊಂಡ್ರೆ ನಿಮ್ಮ ಹಸೂನ ಠಾಣೆಗೆ ಕರೆಸಬೇಕಾಗುತ್ತಮ್ಮ’ ಎಂದು ಅವನು ಹೆದರಿಸಲು ನೋಡಿದರೆ, ‘ಕರ್ಕೊಂಡ್ ಬತ್ತೀನಿ. ಎಲ್ ಕಟ್ಲಿ?’ ಎಂದು ಕಂಬಗಳ ಕಡೆ ನೋಡಿದರು. ಕೊನೆಗೆ ಅವನು ಕೈಮುಗಿದು, ಮೊದಲು ವಕೀಲರ ಹತ್ತಿರ ಪ್ರಮಾಣಪತ್ರ ಮಾಡಿಸಿ ಎಂದು ಸಾಗಹಾಕಿದ.

ರಸ್ತೆಗೆ ಬಂದವಳೇ ನಾನು ಅವರ ಮೇಲೆ ಹರಿಹಾಯ್ದೆ. ನನ್ನ ಕೋಪ ಮೂಗಿನ ತುದಿಯಲ್ಲಿ ಎನ್ನುವುದು ನಮ್ಮ ಮನೆಯವರಿಗೆಲ್ಲ ಗೊತ್ತು. ‘ಕಳೆದುಹೋಯ್ತು ಅಂತ ಒಂದು ಮಾತು ಅಂದಿದ್ರೆ ಮುಗೀತಿತ್ತಲ್ಲ ಓನರಮ್ಮ! ನಿಮಗೇನು, ಊರಿಗೆ ವಾಪಸು ಹೋಗೋಳು ನಾನು!’

ಅವರು ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟರು. ‘ಕೆಲ್ಸಕ್ಕೆ ಸೇರೋಕ್ ಮುಂಚೇನೇ ಈ ಉಡ್ಗಿ ಕಾಗ್ದ ಕಳ್ಕೊಂಡವ್ಳೆ ಅಂತ ಬರೆಸ್ಬೇಕಾ? ಬೇಜವಾಬ್ದಾರಿ ಉಡ್ಗಿ ಅಂತ ಅನ್ನಲ್ವಾ ನಾಳೆ ಅವ್ರು? ನೀನೇನು ಕಳ್ದಿದ್ದೀಯ? ಜೋಪಾನವಾಗೇ ಮಡಗಿದ್ದೆ. ಇಟ್ಟು ಉದುರ್ಸಿದ್ದು ನಾನು, ತಿಂದಿದ್ದು ನನ್ ಅಸ. ನಿನ್ನ ಎಸ್ರಿಗೆ ಯಾಕ್ ಮಸಿ ಬೀಳ್ಬೇಕು?’

ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ. ಅವರ ಕೈ ಹಿಡಿದುಕೊಂಡೇ ಬಸ್ ಸ್ಟಾಪಿನವರೆಗೆ ನಡೆದೆ.

ಕೋರ್ಟಿನ ಹತ್ತಿರ ಮರದ ಕೆಳಗೆ ಟೈಪ್ ಮಿಷನ್ ಇಟ್ಟುಕೊಂಡಿದ್ದ ವಯಸ್ಸಾದ ವಕೀಲರಿಗೆ ಈ ಕಥೆ ಬಹಳ ಹಿಡಿಸಿತು. ನನ್ನದೊಂದು, ಹಸುವಿನ ಮಾಲೀಕರದೊಂದು, ಹೀಗೆ ಬೇರೆ ಬೇರೆ ಪ್ರಮಾಣಪತ್ರ ಮಾಡೋಣ ಎಂದರು. ವಯಸ್ಸು ಕೇಳಿದಾಗ ಓನರಮ್ಮ, ‘ನಮ್ಮೂರ ಟೇಸನ್ಗೆ ಕರೆಂಟ್ ಬಂದಾಗ ನಾನು ಬಸುರಿ’ ಎಂದರು. ವಕೀಲರು ‘ಸುಮಾರು ಐವತ್ತು ವರ್ಷ’ ಎಂದು ಟೈಪು ಮಾಡಿದರು. ಅದನ್ನು ಓದಿ ಹೇಳಿದಾಗ ಓನರಮ್ಮನಿಗೆ ಭಾರೀ ಸಮಾಧಾನ. ‘ಸುಮಾರು ಅಂತ ಆಕಿದ್ದು ಒಳ್ಳೇದಾಯ್ತು ಬುಡಿ ಸಾಮಿ. ಮುಂದುಕ್ಕೂ ಇದೇ ನಡೀತದೆ.’

ಹೆಬ್ಬೆಟ್ಟು ಒತ್ತುವ ಮುಂಚೆ, ತಮ್ಮ ಹೆಸರು ಎಲ್ಲಿದೆ ತೋರಿಸು ಎಂದು ನನ್ನನ್ನು ಕೇಳಿದರು. ತೋರಿಸಿದೆ. ಆ ಅಕ್ಷರಗಳ ಮೇಲೆ ಬೆರಳಾಡಿಸಿ, ‘ಇಷ್ಟೇನಾ ನಾನು!’ ಎಂದರು. ಹೊಟ್ಟೆ ಕುಲುಕಿತು, ಓಲೆ ಅಲ್ಲಾಡಿತು. ಸದ್ದು ಹೊರಬಿದ್ದಾಗ ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ಹೊಲ ಗಂಡನ ಹೆಸರಲ್ಲಿ, ರೇಷನ್ ಕಾರ್ಡು ಮಗನ ಹೆಸರಲ್ಲಿ. ಕೈಯಲ್ಲಿ ಹಿಡಿದು ನೋಡುವಂಥ ಕಾಗದದಲ್ಲಿ ಅವರ ಹೆಸರು ಬಂದದ್ದು ಅದೇ ಮೊದಲಂತೆ. ಕಾರ್ಬನ್ ಪ್ರತಿಗೂ ತಾವಾಗಿಯೇ ಇನ್ನೊಂದು ಹೆಬ್ಬೆಟ್ಟು ಒತ್ತಿ ನನಗೆ ಕೊಟ್ಟರು. ‘ಇದು ನಿನ್ ತಾವ ಇರ್ಲಿ. ಯಾವ್ದಕ್ಕೂ ಒಂದು ನಕಲು ಇರ್ಬೇಕು.’

ನನ್ನ ಸ್ಕೂಲಿಗೆ ಹೋಗಿ ಹೆಡ್ಮಾಸ್ಟರ ಪತ್ರ ತಂದೆ. ಎಲ್ಲವನ್ನೂ ಹಿಡಿದುಕೊಂಡು ಇಬ್ಬರೂ ಪರೀಕ್ಷಾ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತರು ಕನ್ನಡಕ ಏರಿಸಿಕೊಂಡು ಓನರಮ್ಮನ ಪ್ರಮಾಣಪತ್ರ ಓದಲು ಶುರುಮಾಡಿದರು. ಓದುತ್ತಾ ಓದುತ್ತಾ ಅವರ ದನಿ ಜೋರಾಯಿತು, ಅಕ್ಕಪಕ್ಕದ ಮೇಜಿನವರೆಲ್ಲ ಎದ್ದು ಬಂದು ಸುತ್ತ ನಿಂತರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಓದಿ ಮುಗಿಸಿದ ಗುಮಾಸ್ತರು ನಗಲಿಲ್ಲ.

‘ಕಳೆದುಹೋಗಿದ್ದರೆ ಪೇಪರಿನಲ್ಲಿ ಪ್ರಕಟಣೆ ಹಾಕಿಸಬೇಕು, ಪೊಲೀಸರ ಪತ್ರ ತರಬೇಕು, ತಿಂಗಳುಗಟ್ಟಲೆ ಕಾಯಬೇಕಮ್ಮ. ಹಾಳಾದದ್ದಕ್ಕೆ ಅದೆಲ್ಲ ಬೇಡ. ಆದರೆ ಮಿಕ್ಕ ಚೂರು ಒಪ್ಪಿಸಬೇಕು. ಚೂರೇನಾದರೂ ಉಳಿದಿದೆಯೋ?’

ಓನರಮ್ಮ ಸೆರಗಿನ ಗಂಟು ಬಿಚ್ಚಿದರು. ನೇರಳೆ ಮೊಹರಿನ ಅರ್ಧ, ಅಂಚಿಗೆ ಸುಂದ್ರಿಯ ಹಲ್ಲಿನ ಗುರುತು. ಮೇಜಿನ ಮೇಲೆ ಅದನ್ನು ಇಟ್ಟು, ‘ಮಿಕ್ಕಿದ್ದು ನಾಳೆ ನಾಡಿದ್ದು ಗೊಬ್ಬರ ಆಗಿ ಬತ್ತದೆ ಸಾಮಿ, ಬೇಕಾದ್ರೆ ಅದ್ನೂ ತಂದ್ಕೊಡ್ತೀನಿ’ ಎಂದರು. ಇಡೀ ಕಚೇರಿ ಹೋ ಎಂದಿತು. ಆ ಗುಮಾಸ್ತರೂ ಆಗ ನಕ್ಕರು. ಆಮೇಲೆ ಚೂರಿನ ಮೇಲಿನ ನಂಬರನ್ನು ತಮ್ಮ ದಾಖಲೆಗೆ ಹೋಲಿಸಿ ನೋಡಿ, ಕಾರ್ಖಾನೆಯ ಪತ್ರವನ್ನೂ ಓದಿ, ಕಡತದ ಮೇಲೆ ‘ತುರ್ತು’ ಎಂದು ಬರೆದರು.

ಹೊಸ ಮಾರ್ಕ್ಸ್ ಕಾರ್ಡು ಸರಿಯಾದ ಹೊತ್ತಿಗೆ ಕೈಸೇರಿತು. ನಾನು ಕೆಲಸಕ್ಕೆ ಸೇರಿದ ಮರುದಿನವೇ ಸುಂದ್ರಿ ಕರು ಹಾಕಿದಳು. ಇಡೀ ಸಾಲಿನ ರೂಮುಗಳಿಗೆ ಗಿಣ್ಣು ಹಂಚಿದ ಓನರಮ್ಮ ಕರುವಿಗೆ ಎಸ್ಸೆಲ್ಸಿ ಎಂದು ಹೆಸರಿಟ್ಟರು. ‘ಒಟ್ಟೇಲಿದ್ದಾಗ್ಲೇ ಪಾಸಾಗಿ ಬಂದೈತೆ ಕಣೇ ಇದು!’ ಸಂಜೆ ಹೊತ್ತು ಅವರು ‘ಏ ಎಸ್ಸೆಲ್ಸೀ, ಬಾರೇ ಇಲ್ಲಿ’ ಎಂದು ಕೂಗುವುದನ್ನು ಕೇಳಿ, ಟ್ರೈನ್ ಇಳಿದು ಹೋಗುವ ಹುಡುಗಿಯರು ತಿರುಗಿ ನೋಡುತ್ತಿದ್ದರು.

ಅಲ್ಲಿಂದ ಮುಂದೆ ಅವರಿಗೊಂದು ಹುಚ್ಚು ಹತ್ತಿತು. ಬಿಗಿಯಾದ ಮುಚ್ಚಳದ ಒಂದು ಹಾಲಿನ ಡೈರಿ ಕ್ಯಾನು ತಂದು, ತೊಳೆದು, ಬಿಸಿಲಿಗಿಟ್ಟು, ಒಳಗೆ ಬೇವಿನ ಸೊಪ್ಪು ಹಾಕಿ, ತಮ್ಮ ಮನೆಯ ನಡುತೊಲೆಗೆ ತೂಗುಹಾಕಿದರು. ಬಾಡಿಗೆದಾರರೆಲ್ಲ ತಮ್ಮ ಅಸಲು ಕಾಗದಗಳನ್ನು ಬಟ್ಟೆಯಲ್ಲಿ ಸುತ್ತಿ ಅದರೊಳಗೆ ಇಡಲೇಬೇಕು. ನೀರು ಬಂದರೆ ನೆನೆಯದು, ಗೆದ್ದಲು ಹತ್ತದು, ಸುಂದ್ರಿಗೆ ಎಟುಕದು. ಆಯುಧಪೂಜೆಯ ದಿನ ಕ್ಯಾನು ಇಳಿಸಿ, ಕಾಗದಗಳನ್ನು ಮನೆಯೊಳಗೇ ಗಾಳಿಗೆ ಹರಡಿ, ಹೊಸ ಬೇವು ಹಾಕಿ, ಕ್ಯಾನಿಗೆ ಕುಂಕುಮವಿಟ್ಟು ಹೂ ಮುಡಿಸುತ್ತಿದ್ದರು. ಅಷ್ಟು ಹೊತ್ತೂ ಸುಂದ್ರಿಯನ್ನು ಕೆರೆಯ ಆಚೆ ದಡದಲ್ಲಿ ಕಟ್ಟಿರಬೇಕು. ‘ಬೆಂಕಿ ಗಿಂಕಿ ಬಿದ್ರೆ ಮೊದ್ಲು ಮಕ್ಳು, ಆಮ್ಯಾಕೆ ಕ್ಯಾನು, ಆಮ್ಯಾಕೆ ನಾನು’ ಎಂದು ಎಲ್ಲರಿಗೂ ಕಟ್ಟಾಜ್ಞೆ. ಎದುರು ಸಿಕ್ಕವರನ್ನು ಊಟ ಆಯ್ತಾ ಎಂದು ಕೇಳುವುದನ್ನೇ ಬಿಟ್ಟು, ‘ನಕಲು ಮಾಡಿಸ್ದಾ?’ ಎಂದು ಕೇಳತೊಡಗಿದರು. ಬರಬರುತ್ತಾ ಅಕ್ಕಪಕ್ಕದ ಬೀದಿಯವರೂ ಮನೆಪತ್ರ, ಮದುವೆಯ ಫೋಟೋ ತಂದು ಕೊಟ್ಟರು. ಕ್ಯಾನು ಎರಡಾದವು.

ನಾನು ಮೆಚ್ಚಿದವನನ್ನೇ ಮದುವೆಯಾದೆ. ಜಾಲಹಳ್ಳಿ ಕಡೆ ಮನೆ ಮಾಡಿದೆವು. ತಾಂಬೂಲ ಕೊಡಲು ಹೋದಾಗ ಓನರಮ್ಮ ನನ್ನ ಮಾರ್ಕ್ಸ್ ಕಾರ್ಡನ್ನು ಕ್ಯಾನಿನಿಂದ ತೆಗೆದು, ಅರಿಶಿನ ಕುಂಕುಮದ ಜೊತೆ ತಟ್ಟೆಯಲ್ಲಿಟ್ಟು ಕೊಟ್ಟರು. ನನ್ನ ಸಂಬಳ, ನನ್ನ ಮನೆ, ನನ್ನ ಮಾತಿಗೆ ಇರುವ ಬೆಲೆ, ಎಲ್ಲ ಆ ತಟ್ಟೆಯಿಂದ ಬಂದದ್ದು ಎಂದೇ ನಾನು ಈಗಲೂ ತಿಳಿದಿದ್ದೇನೆ.

ಎಂಬತ್ತರ ದಶಕದ ಕೊನೆಗೆ ಅವರು ಹೋದರು. ನಿದ್ದೆಯಲ್ಲೇ, ಯಾರಿಗೂ ತೊಂದರೆ ಕೊಡದೆ. ಮಣ್ಣಿಗೆ ಹೋಗಿ ಬಂದೆ. ಸುತ್ತಲೂ ಎಲ್ಲರೂ ಗೋಳಾಡುತ್ತಿದ್ದರೂ ಏಕೋ ನನಗೆ ಅಳು ಬರಲೇ ಇಲ್ಲ. ತಿಥಿ ಕಳೆದ ಮೇಲೆ ಒಂದು ದಿನ ಅವರ ಮಗ ನಮ್ಮ ಮನೆಗೆ ಬಂದ. ಬೋಳಿಸಿದ ತಲೆ, ಸೊರಗಿದ ಮುಖ.

‘ಅವ್ವ ಓಗಿದ್ದನ್ನ ಬರೆಸ್ಬೇಕು ಅಕ್ಕ. ಎಸ್ರು, ವಯಸ್ಸು, ಅಪ್ಪನ ಎಸ್ರು ಇರೋ ಒಂದು ಕಾಗ್ದ ತಗೊಂಡ್ ಬಾ ಅಂತವ್ರೆ. ಎರಡು ಕ್ಯಾನೂ ಸುರುವಿ ನೋಡ್ದೆ. ಊರೋರ್ದೆಲ್ಲ ಐತೆ, ಅವ್ವಂದೇ ಒಂದೂ ಇಲ್ಲ’ ಎಂದ.

ನಾನು ಎದ್ದು ಬೀರು ತೆಗೆದೆ. ಬೇವಿನ ಸೊಪ್ಪಿನ ನಡುವೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕಾರ್ಬನ್ ಪ್ರತಿಯನ್ನು ಅವನ ಕೈಗೆ ಕೊಟ್ಟೆ. ಅವರ ಹೆಸರು, ಗಂಡನ ಹೆಸರು, ಊರು, ಸುಮಾರು ಐವತ್ತು ವರ್ಷ, ಕೆಳಗೆ ಆ ದಪ್ಪ ಹೆಬ್ಬೆಟ್ಟು. ಅವನು ನಿಂತುಕೊಂಡೇ ಮೆಲ್ಲಗೆ ಓದಿದ:

‘ಸದರಿ ಅಂಕಪಟ್ಟಿಯನ್ನು ಸುಂದ್ರಿ ಎಂಬ ನನ್ನ ಹಸುವು ತಿಂದಿರುತ್ತದೆ. ಹಿಟ್ಟು ಉದುರಿಸಿದವಳು ನಾನೇ ಆಗಿರುತ್ತೇನೆ. ಇದರಲ್ಲಿ ಹುಡುಗಿಯ ತಪ್ಪು ಏನೇನೂ ಇರುವುದಿಲ್ಲ.’

ಓದುತ್ತಿದ್ದ ಹಾಗೆ ಅವನ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾನೆಂದುಕೊಂಡು ನಾನು ನೀರು ತರಲು ಹೊರಟೆ. ಅಡುಗೆಮನೆಯ ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಸದ್ದು ಬಂತು. ಅದೇ ನಗು, ಓನರಮ್ಮನದೇ. ಚೊಂಬು ಹಿಡಿದು ಅಲ್ಲೇ ನಿಂತುಕೊಂಡು ನಾನೂ ನಕ್ಕೆ, ಆಮೇಲೆ ಅವರಿಗೋಸ್ಕರ ಮನಸಾರೆ ಅತ್ತೆ.

ಅವನು ಹೊರಡುವಾಗ ಕೇಳಿದೆ, ‘ನಕಲು ಮಾಡಿಸ್ತೀಯ ತಾನೆ?’