ವೈನಿಯ ನ್ಯೂಟ್ರಾನುಗಳು

ಮೊನ್ನೆ ನಿಪ್ಪಾಣಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಎಲ್ಲಿಂದಲೋ ಒಣ ತಂಬಾಕಿನ ಘಾಟು ಬಂತು. ಸೀನು ಬರಬೇಕಾದಲ್ಲಿ ನನಗೆ ನಗು ಬಂತು. ನಮ್ಮ ವೈನಿಯ ಪುಸ್ತಕಗಳೆಲ್ಲ ಹೀಗೇ ನಾರುತ್ತಿದ್ದವು. ಹುಳ ಬೀಳದಿರಲೆಂದು ನಿಪ್ಪಾಣಿಯ ತವರಿನಿಂದ ತಂಬಾಕಿನ ಎಲೆ ತಂದು ಹಾಳೆಗಳ ನಡುವೆ ಇಡುತ್ತಿದ್ದರು...

ಸ್ವಂತ ವೈನಿಯಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಚಿಕ್ಕೋಡಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು. ಅಣ್ಣನ ಹೆಂಡತಿಯನ್ನು ಕರೆಯುವಂತೆ ಓಣಿಯೇ ಅವರನ್ನು ವೈನಿ ಎನ್ನುತ್ತಿತ್ತು. ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತ ಪಿಎಚ್.ಡಿ. ಮಾಡುತ್ತಿದ್ದರು. ನಾನು ಅಲ್ಲಿಯೇ ಕನ್ನಡ ಕಲಿಸಲು ಹೊಸದಾಗಿ ಸೇರಿದ್ದೆ. ಅವರ ಗಂಡ ಶಿರಗುಪ್ಪಿಯಲ್ಲಿ ಕಬ್ಬು ನೋಡಿಕೊಂಡು ವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ಅತ್ತೆ, ವರ್ಷ ತುಂಬದ ಮಗಳು.

ಮಗು ಹುಟ್ಟುವ ಮೊದಲು ವೈನಿ ದೂರದ ರಿಯಾಕ್ಟರಿಗೆ ಹೋಗಿ ಒಂದು ಪ್ರಯೋಗ ಮಾಡಿ ಬಂದಿದ್ದರು. ತಾವು ಹುಡುಕುತ್ತಿದ್ದದ್ದು ಸಿಕ್ಕಿತೆಂದು ಹಿಗ್ಗಿದ್ದರು. ಆಮೇಲೆ ನೋಡಿದರೆ ಅದು ಯಂತ್ರದೊಳಗಿನ ಆಯಸ್ಕಾಂತದ ಕಿತಾಪತಿ! ಈಗ ಮತ್ತೊಮ್ಮೆ ಅವಕಾಶ ಬಂದಿತ್ತು. ಆದರೆ ಎದೆಹಾಲು ಕುಡಿಯುವ ಕೂಸು... ಬೇಡವೆಂದು ಬರೆದುಬಿಡುತ್ತೇನೆ ಎಂದು ಒಂದು ದಿನ ಅಂಗಳದಲ್ಲಿ ಹೇಳಿದರು. ನಾನು ಅವರ ಅತ್ತೆಯ ಜೊತೆ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದೆ.

ಅತ್ತೆ ತಲೆ ಎತ್ತಿದರು. “ಅಷ್ಟ ದೂರ ಹೋಗಿ ಏನ್ ನೋಡಾಕಿ ಇದ್ದಿ?”

ವೈನಿ ಒಳಗಿನಿಂದ ಕನ್ನಡಿ ತಂದು ಬೀಸುವ ಕಲ್ಲಿನ ಪಕ್ಕ ನಿಲ್ಲಿಸಿ, ಗೂಟ ಹಿಡಿದು ತಿರುಗಿಸಿದರು. “ಕಲ್ಲು ಬಲಕ್ಕ ತಿರಗಾಕತ್ತೈತಿ. ಕನ್ನಡ್ಯಾಗ ನೋಡ್ರಿ ಅತ್ತಿ.”

“ಎಡಕ್ಕ ಹೊಂಟೈತಲ್ಲ!”

“ನ್ಯೂಟ್ರಾನ್ ಅನ್ನೂ ಕಣಾನೂ ಹಿಂಗ ತಿರಗಕೋತ ಬರತಾವ್ರಿ. ಕೆಲವು ಬಲಕ್ಕ, ಕೆಲವು ಎಡಕ್ಕ. ಅಣುವಿನ ನಟ್ಟನಡುವ ನ್ಯೂಕ್ಲಿಯಸ್ ಅಂತ ಇರತೈತಿ, ಅದು ಇವನ್ನ ನುಂಗತೈತಿ. ಕನ್ನಡಿ ಒಳಗಿನ ಜಗತ್ತೂ ಹೊರಗಿಂದೂ ಒಂದ ನಮೂನಿ ಇದ್ರ ಎರಡನೂ ಸಮ ನುಂಗಬೇಕು. ನಮ್ಮ ಅಂದಾಜು, ಒಂದನ್ನ ಜಾಸ್ತಿ ನುಂಗತೈತಿ ಅಂತ. ನುಂಗಿದ ಮ್ಯಾಲ ಒಂದ ಥರದ ಬೆಳಕ ಉಗಳತೈತಿ, ಅದನ್ನ ಎಣಿಸಿದ್ರ ಗೊತ್ತಾಗತೈತಿ.”

ಅತ್ತೆ ಸ್ವಲ್ಪ ಹೊತ್ತು ಕನ್ನಡಿಯನ್ನೇ ನೋಡಿದರು. “ಅಂದ್ರ ದೇವರೂ ಎಡ ಬಲ ಭೇದ ಮಾಡ್ಯಾನ ಅಂತೀ?”

“ಅದನ್ನ ನೋಡಾಕ ಹೋಗಬೇಕಿತ್ರಿ.”

“ಮತ್ತ ಹೋಗು. ಕೂಸು, ನಾನು, ಇಬ್ರೂ ಬರತೀವಿ.”

ಮಿರಜಿನ ಆಚೆಗೆ ಎಂದೂ ಹೋಗದವರು! ಜೋಳದ ಹಿಟ್ಟು, ಶೇಂಗಾ ಚಟ್ನಿ, ತೊಟ್ಟಿಲ ಹಗ್ಗ ಎಲ್ಲ ಕಟ್ಟಿಕೊಂಡು, ನಮಗೆಲ್ಲ ಕೈ ಬೀಸುತ್ತ ರೈಲು ಹತ್ತಿದರು. ಸೊಸೆ ರಿಯಾಕ್ಟರಿನಲ್ಲಿ ಇರುವಾಗ ಅತ್ತೆ ಗೆಸ್ಟ್ ಹೌಸಿನ ಕೋಣೆಯಲ್ಲಿ ಮಗುವನ್ನು ಆಡಿಸಿದರಂತೆ, ಅಲ್ಲಿಯ ವಿಜ್ಞಾನಿಗಳಿಗೆ ರೊಟ್ಟಿ ಬಡಿದು ಹಾಕಿದರಂತೆ. ಈ ಸಲ ವೈನಿ ಅವಸರ ಮಾಡಲಿಲ್ಲ. ನ್ಯೂಟ್ರಾನುಗಳು ತಿರುಗುವ ದಿಕ್ಕನ್ನು ಅದಲುಬದಲು ಮಾಡಿದರು, ಎಣಿಕೆಯಲ್ಲಿ ಕಂಡ ವ್ಯತ್ಯಾಸವೂ ಅದಲುಬದಲಾಯಿತು. ನ್ಯೂಟ್ರಾನ್ ನುಂಗುತ್ತಿದ್ದ ಲ್ಯಾಂಥನಮ್ ಎಂಬ ಧಾತುವಿನ ತುಣುಕನ್ನು ತೆಗೆದು ಬೇರೆಯದನ್ನಿಟ್ಟರು, ವ್ಯತ್ಯಾಸ ಮಾಯವಾಯಿತು. ಮತ್ತೆ ಲ್ಯಾಂಥನಮ್ ಇಟ್ಟರೆ ಮತ್ತೆ ಹಾಜರ್! ಯಂತ್ರದ ಆಟವಲ್ಲ, ನಿಸರ್ಗದ್ದೇ. ಸೊಸೆ ಓಡಿಬಂದು ಬಾಗಿಲಲ್ಲಿ ನಿಂತರಂತೆ. ಮುಖ ನೋಡಿಯೇ ಅತ್ತೆ ಸ್ಟೋ ಹಚ್ಚಿ ಶಿರಾ ಮಾಡಲು ಕೂತರಂತೆ.

ಊರಿಗೆ ಬಂದ ದಿನ ಓಣಿಗೆಲ್ಲ ಪೇಢೆ ಹಂಚಿದರು. ಸೊಸೆ ಮತ್ತೆ ಬಸುರಿಯೇ, ಗಂಡುಮಗು ಬರಲಿದೆಯೇ ಎಂದು ಕೇಳಿದವರಿಗೆ ಅತ್ತೆ, “ನಿಮ್ಮ ತಲಿ! ನಮ್ಮ ಸೊಸಿ ನ್ಯೂಟ್ರಾನ್ ಹಿಡದಾಳ” ಎಂದು ಗದರಿದರು. ವೈನಿ ಕಂಬಕ್ಕೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅಂಥ ನಗು ನಾನು ಆಮೇಲೆ ಯಾರಲ್ಲೂ ನೋಡಿಲ್ಲ...

ವೈನಿಗೆ ಡಾಕ್ಟರೇಟ್ ಬಂತು. ತೊಂಬತ್ತರ ದಶಕದಲ್ಲಿ ನಾನು ಅಥಣಿಗೆ ಬಂದೆ. ಕಾಗದ, ಆಮೇಲೆ ಫೋನು, ಆಮೇಲೆ ಅದೂ ಅಪರೂಪ. ಅತ್ತೆ ಹೋಗಿ ಬಹಳ ವರ್ಷವಾಯಿತು. ವೈನಿ ಹೋದದ್ದು ಈ ಚಳಿಗಾಲದಲ್ಲಿ. ನನಗೆ ತಡವಾಗಿ ತಿಳಿಯಿತು. ಮೊನ್ನೆ ನಿಪ್ಪಾಣಿಗೆ ಹೋದದ್ದು ಅಲ್ಲಿರುವ ಅವರ ಮಗಳನ್ನು ನೋಡಲೆಂದೇ.

ಚಿಕ್ಕಮ್ಮನನ್ನು ಕರೆಯುವಂತೆ ನನ್ನನ್ನು ಮೌಶಿ ಎಂದು ಕರೆದು ಚಹಾ ಕೊಟ್ಟು, ನನ್ನ ಬಾಯಿಂದ ಈ ಕಥೆಯನ್ನೆಲ್ಲ ಕೇಳಿ, ಆಕೆಯೂ ಬಿದ್ದು ಬಿದ್ದು ನಕ್ಕಳು. ಆಮೇಲೆ ಬೆರಳು ಮಡಿಸಿ ಏನೋ ಲೆಕ್ಕ ಹಾಕಿದಳು.

“ಮೌಶಿ, ಆವಾಗ ಅವ್ವ ನನಗಿಂತ ಸಣ್ಣಾಕಿ ಇದ್ಲಲ್ಲ?”

“ಹೌದವಾ” ಎಂದೆ. ಅಷ್ಟು ಚಿಕ್ಕವರಿದ್ದರು ಎಂಬುದು ನನಗೂ ಆಗಲೇ ಹೊಳೆದದ್ದು.